ಬೀರುವಿನಲ್ಲಿರೋ ಹಳೇ ಕ್ಯಾಮೆರಾ ಇನ್ನೂ ಓಡುತ್ತಾ?

ಬಸವನಗುಡಿಯ ನಮ್ಮ ಸೋದರಮಾವನ ಮನೆಯನ್ನು ಬಿಲ್ಡರ್‌ಗೆ ಕೊಡೋದು ಅಂತ ತೀರ್ಮಾನ ಆದಮೇಲೆ ಎರಡು ಭಾನುವಾರ ಪೂರ್ತಿ ಸಾಮಾನು ವಿಂಗಡಿಸೋದರಲ್ಲೇ ಹೋಯಿತು. ಹಜಾರದಲ್ಲಿ ಮೂರು ರಾಶಿ: ಇಟ್ಟುಕೊಳ್ಳೋದು, ಯಾರಿಗಾದರೂ ಕೊಡೋದು, ಗುಜರಿಗೆ ಹಾಕೋದು. ಬೀರುವಿನ ಕೆಳಗಿನ ಖಾನೆಯಿಂದ ಚರ್ಮದ ಕೇಸಿನಲ್ಲಿದ್ದ ಕ್ಯಾಮೆರಾ ತೆಗೆದು ಮೂರನೇ ರಾಶಿಗೆ ಇಟ್ಟವರು ಸ್ವತಃ ಮಾವನೇ.

“ಬಿಡೋ, ಅದು ಸತ್ತು ಎಷ್ಟೋ ವರ್ಷ ಆಯ್ತು. ಲೆನ್ಸ್ ತುಂಬ ಬೂಸ್ಟು,” ಅಂದರು.

ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಮಾವ ಇರೋ ಫೋಟೋಗಳು ಬಹಳ ಕಮ್ಮಿ. ಕಾರಣ ಈ ಕ್ಯಾಮೆರಾ. ಅಕ್ಕನ ಮದುವೆ, ನನ್ನ ನಾಮಕರಣ, ಅಜ್ಜಿಯ ಕೊನೆಯ ಗೌರಿ ಹಬ್ಬ, ಪ್ರತಿ ವರ್ಷದ ಕಡಲೆಕಾಯಿ ಪರಿಷೆ, ಎಲ್ಲದರ ಹಿಂದೆ ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದವರು ಅವರು. ಕ್ಯಾಮೆರಾ ಪೆಂಟಾಕ್ಸ್ ಕೆ1000. ಡಿಜಿಟಲ್ ಬಂದಮೇಲೆ ಬೀರು ಸೇರಿದ್ದು, ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹೊರಗೆ ಬಂದಿರಲಿಲ್ಲ.

ಒಳಗೆ ಅರ್ಧ ಮುಗಿದ ರೀಲು ಇರಬಹುದು, ಅದರಲ್ಲಿ ಅಜ್ಜಿಯ ಫೋಟೋ ಸಿಗಬಹುದು ಅಂತ ಆಸೆಯಿಂದ ಹಿಂಬದಿ ತೆಗೆದೆ. ಸಿನಿಮಾದಲ್ಲಿ ಆದರೆ ಸಿಗುತ್ತಿತ್ತು. ಇಲ್ಲಿ ಸಿಕ್ಕಿದ್ದು ಕೈಗೆ ಅಂಟಿಕೊಂಡ ಡಾಂಬರಿನಂಥ ಕಪ್ಪು ಅಂಟು. ಆದರೂ ಸುಮ್ಮನಿರಲಾರದೆ ಲಿವರ್ ಎಳೆದು ಬಟನ್ ಒತ್ತಿದೆ. “ಕ್ಲಾಕ್” ಅಂತು. ಮಾವ ಕೈಯಲ್ಲಿದ್ದ ಪೇಪರ್ ಕಟ್ಟು ಕೆಳಗಿಟ್ಟು ತಿರುಗಿ ನೋಡಿದರು.

ಬ್ಯಾಟರಿ ಇಲ್ಲ, ಎಣ್ಣೆ ಕಂಡು ಯಾವ ಕಾಲವಾಯಿತೋ, ಎಷ್ಟು ಮಳೆಗಾಲ ಕಳೆದಿತ್ತೋ. ನನ್ನ ಹಳೇ ಫೋನನ್ನು ಆರು ತಿಂಗಳು ಡ್ರಾಯರಿನಲ್ಲಿ ಬಿಟ್ಟರೆ ಮತ್ತೆ ಎದ್ದೇಳುತ್ತೆ ಅನ್ನೋ ಭರವಸೆ ನನಗಿಲ್ಲ. ಇದು ಹೇಗೆ ಓಡಿತು?

ನಿಮ್ಮ ಹೆಬ್ಬೆರಳೇ ಅದರ ಕರೆಂಟು

ಎಸ್‌ಎಲ್‌ಆರ್ ಅಂದರೆ ಲೆನ್ಸಿನ ಮೂಲಕವೇ ನೋಡಿ ಫೋಟೋ ತೆಗೆಯೋ ಕ್ಯಾಮೆರಾ. ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ, ಮೇಲೆ ಒಂದು ಗಾಜಿನ ಪ್ರಿಸಂ. ಬಟನ್ ಒತ್ತಿದ ತಕ್ಷಣ ಕನ್ನಡಿ ಮೇಲಕ್ಕೆ ಹಾರಬೇಕು, ಲೆನ್ಸಿನ ಒಳಗಿನ ಎಲೆಗಳು ನೀವು ಹೇಳಿದಷ್ಟಕ್ಕೆ ಮುಚ್ಚಿಕೊಳ್ಳಬೇಕು, ಶಟರಿನ ಮೊದಲ ಪರದೆ ಸರಿಯಬೇಕು, ಅದರ ಹಿಂದೆಯೇ ಎರಡನೇ ಪರದೆ ಓಡಬೇಕು, ಕನ್ನಡಿ ವಾಪಸ್ ಕೂರಬೇಕು. ಕೆ1000ದಲ್ಲಿ ಅತಿ ವೇಗದ ಶಟರ್ ಅಂದರೆ ಸೆಕೆಂಡಿನ 1/1000 ಭಾಗ. ಅಷ್ಟು ವೇಗದಲ್ಲಿ ಎರಡು ಪರದೆಗಳ ಮಧ್ಯೆ ಒಂದು ಸಣ್ಣ ಸಂದು ಮಾತ್ರ ಇರುತ್ತೆ, ಆ ಸಂದು ಫಿಲ್ಮಿನ ಮೇಲೆ ಅಡ್ಡಲಾಗಿ ಓಡಿಹೋಗುತ್ತೆ.

ಇದೆಲ್ಲಕ್ಕೂ ಬೇಕಾದ ಶಕ್ತಿ ಬರೋದು ಎಲ್ಲಿಂದ? ಫಿಲ್ಮ್ ಮುಂದಕ್ಕೆ ಸರಿಸೋಕೆ ಲಿವರ್ ಎಳೀತೀರಲ್ಲ, ಆಗ ಸ್ಪ್ರಿಂಗುಗಳೂ ಬಿಗಿಯಾಗುತ್ತವೆ. ಅಷ್ಟೇ. ಬಟನ್ ಸೆಲ್ ಇರೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ. ಸೆಲ್ ಸತ್ತರೆ ಮೀಟರಿನ ಮುಳ್ಳು ಮಲಗುತ್ತೆ, ಕ್ಯಾಮೆರಾ ಮಲಗಲ್ಲ. (ಕೆ1000ದ ಮೀಟರಿಗೆ ಆನ್-ಆಫ್ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಅದೇ ಆಫ್. ಇದನ್ನ ಮರೆತು ಸೆಲ್ ಖಾಲಿ ಮಾಡಿಕೊಂಡು ಬೈಸಿಕೊಂಡವರಲ್ಲಿ ನಾನೂ ಒಬ್ಬ.)

ಬೆಂಗಳೂರಿನವರಿಗೆ ಸುಲಭವಾಗಿ ಹೇಳಬೇಕು ಅಂದ್ರೆ, ಇದು ಎಚ್‌ಎಂಟಿ ಜನತಾ ವಾಚಿನ ಜಾತಿಯದು. ಕೀ ಕೊಡಿ, ಓಡುತ್ತೆ. ನಿಂತರೆ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಕೂಡಿಸಿ. ಕೆ1000 ಬಂದದ್ದು 1976ರಲ್ಲಿ, ನಿಂತದ್ದು 1997ರಲ್ಲಿ. ಇಪ್ಪತ್ತೊಂದು ವರ್ಷ ಹೆಚ್ಚುಕಮ್ಮಿ ಅದೇ ಡಿಸೈನು. ಸೆಲ್ಫ್ ಟೈಮರ್ ಇಲ್ಲ, ಆಟೋಮ್ಯಾಟಿಕ್ ಏನೂ ಇಲ್ಲ. ಕಲಿಯೋರ ಕ್ಯಾಮೆರಾ ಅಂತ ಹೆಸರಾಗಿದ್ದು ಅದಕ್ಕೇ. ಕೆಡೋಕೆ ಏನಾದರೂ ಇರಬೇಕಲ್ಲ ಸ್ವಾಮಿ! ಆದರೆ ಕೊನೆಕೊನೆಗೆ ಚೀನಾದಲ್ಲಿ ತಯಾರಾದವುಗಳಲ್ಲಿ ಲೋಹ ಇದ್ದ ಕಡೆ ಪ್ಲಾಸ್ಟಿಕ್ ನುಗ್ಗಿತು. ಹಳೇದನ್ನ ಕೊಳ್ಳೋರು ಅದಕ್ಕೇ ತಲೆಮೇಲೆ ‘ಅಸಾಹಿ’ ಅಂತ ಬರೆದಿರೋದನ್ನ ಹುಡುಕೋದು.

ಗಟ್ಟಿತನದಲ್ಲಿ ಇದಕ್ಕಿಂತ ದೊಡ್ಡಣ್ಣಂದಿರು ನಿಕಾನ್‌ನವರು. 1959ರ ನಿಕಾನ್ ಎಫ್‌ನ ಶಟರ್ ಪರದೆ ಟೈಟಾನಿಯಂ ಹಾಳೆಯದು. ಕಪ್ಪು ಬಣ್ಣದ ಎಫ್ ಚೆನ್ನಾಗಿ ಬಳಸಿದ್ದು ಸಿಕ್ಕರೆ ಮೂಲೆಗಳನ್ನ ನೋಡಿ: ಬಣ್ಣ ಸವೆದು ಒಳಗಿನ ಹಿತ್ತಾಳೆ ಕಾಣುತ್ತೆ, ಥೇಟ್ ಅಜ್ಜಿ ಕಾಲದ ಪಾತ್ರೆ. 1982ರ ಎಫ್‌ಎಂ2 ಬ್ಯಾಟರಿಯ ಹಂಗಿಲ್ಲದೆ ಸೆಕೆಂಡಿನ 1/4000 ಭಾಗದ ವೇಗ ಮುಟ್ಟಿತು. ಆಮೇಲೆ ಬಂದ ಎಫ್5ನ ಶಟರನ್ನು 1,50,000 ಸಲ ಓಡಿಸಿ ಪರೀಕ್ಷೆ ಮಾಡಿದ್ದರು. 36ರ ರೀಲಿನ ಲೆಕ್ಕದಲ್ಲಿ 4,000ಕ್ಕೂ ಹೆಚ್ಚು ರೀಲು. ವರ್ಷಕ್ಕೆ ಇಪ್ಪತ್ತು ರೀಲು ತೆಗೆಯೋ ಮಾವನಂಥವರಿಗೆ ಇನ್ನೂರು ವರ್ಷಕ್ಕೆ ಸಾಕು.

ಬ್ರಿಟಿಷ್ ಯುದ್ಧ ಛಾಯಾಗ್ರಾಹಕ ಡಾನ್ ಮೆಕಲಿನ್ ಅವರ ನಿಕಾನ್ ಎಫ್‌ಗೆ ಗುಂಡು ತಗುಲಿ ಅವರ ಜೀವ ಉಳಿದ ಕತೆಯನ್ನ ಕ್ಯಾಮೆರಾ ಪ್ರಿಯರು ಪದೇ ಪದೇ ಹೇಳ್ತಾರೆ. ನಿಜವೇ. ಆದರೆ ಅದು ಅದೃಷ್ಟದ ಕತೆ, ಬಾಳಿಕೆಯದಲ್ಲ. ನಮ್ಮೂರಿನಲ್ಲಿ ಕ್ಯಾಮೆರಾಕ್ಕೆ ಬರೋ ಶತ್ರು ಗುಂಡಲ್ಲ, ಜುಲೈ ತಿಂಗಳ ಜಡಿ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಹಳೇದೆಲ್ಲ ಗಟ್ಟಿ ಅನ್ನೋದು ಅರ್ಧ ಸತ್ಯ. ಲಕ್ಷಗಟ್ಟಲೆ ತಯಾರಾಗಿದ್ದವು, ಕೆಟ್ಟವು ಗುಜರಿಗೆ ಹೋದವು, ಉಳಿದವನ್ನ ನೋಡಿ ನಾವು ಆಹಾ ಅಂತೀವಿ.

ಚಾಮರಾಜಪೇಟೆಯ ಮೇಜಿನ ಮೇಲೆ

ಮನೆ ಒಡೆಯೋದಕ್ಕೆ ಎರಡೂವರೆ ತಿಂಗಳಿತ್ತು. ಮನೆಯ ಕೊನೆಯ ಫೋಟೋಗಳನ್ನ ಅದೇ ಕ್ಯಾಮೆರಾದಲ್ಲಿ ಮಾವನ ಕೈಯಲ್ಲೇ ತೆಗೆಸಬೇಕು ಅನ್ನೋ ಹಟ ನನಗೆ ಹತ್ತಿತು. ಸಮಸ್ಯೆ ಏನಪ್ಪಾ ಅಂದ್ರೆ, ರಿಪೇರಿ ಮಾಡೋರು ಎಲ್ಲಿ? ಮಲ್ಲೇಶ್ವರದಲ್ಲಿ ವಿಚಾರಿಸಿದ ಅಂಗಡಿಯವರು ಮಗನ ಕಾಲಕ್ಕೆ ಪಾಸ್‌ಪೋರ್ಟ್ ಫೋಟೋ, ಮಗ್ ಪ್ರಿಂಟಿಂಗಿಗೆ ಬದಲಾಗಿದ್ದರು. ಅವರೇ ಒಂದು ಚೀಟಿಯಲ್ಲಿ ಚಾಮರಾಜಪೇಟೆಯ ಒಬ್ಬರ ನಂಬರ್ ಬರೆದುಕೊಟ್ಟರು. “ಬೇಗ ಹೋಗಿ, ಅವರು ಕೆಲಸ ಕಮ್ಮಿ ಮಾಡ್ತಿದಾರೆ,” ಅಂದರು.

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಎಪ್ಪತ್ತು ದಾಟಿದ ವಯಸ್ಸು. ನಾನು ಎರಡು ಕ್ಯಾಮೆರಾ ಒಯ್ದಿದ್ದೆ: ಮಾವನ ಕೆ1000, ಜೊತೆಗೆ ನಾನು ಆನ್‌ಲೈನಿನಲ್ಲಿ ಆಸೆಪಟ್ಟು ಕೊಂಡಿದ್ದ, ನೋಡೋಕೆ ಹೊಚ್ಚ ಹೊಸದರಂತಿದ್ದ ಕ್ಯಾನನ್ ಎಇ-1. ಎರಡೂ 1976ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ಲುಗಳು. ಅವರು ಎಇ-1 ಎತ್ತಿ ಹೊಸ ಬ್ಯಾಟರಿ ಹಾಕಿ, ಎರಡು ಸಲ ಬಟನ್ ಒತ್ತಿ, ವಾಪಸ್ ನನ್ನ ಕೈಗಿಟ್ಟರು.

“ಇದು ಸರ್ಕೀಟು ಹೋಗಿದೆ. ಇನ್ನೊಂದು ಸತ್ತಿರೋ ಎಇ-1 ಸಿಕ್ಕರೆ ತನ್ನಿ, ಎರಡು ಸೇರಿಸಿ ಒಂದು ಮಾಡೋಣ. ಸಿಗದಿದ್ದರೆ ಷೋಕೇಸಲ್ಲಿ ಇಡಿ.”

ಎಇ-1 ಕ್ಯಾಮೆರಾ ಲೋಕಕ್ಕೆ ಮೈಕ್ರೋಪ್ರೊಸೆಸರ್ ತಂದ ಎಸ್‌ಎಲ್‌ಆರ್. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ಮಾರಾಟವೂ ಹಾಗೇ ಆಯಿತು. ಆದರೆ ಬ್ಯಾಟರಿ ಇಲ್ಲದಿದ್ದರೆ ಅದರ ಶಟರ್ ಅಲುಗಾಡಲ್ಲ. ಒಳಗೆ ಎಣ್ಣೆ ಒಣಗಿದರೆ ಫೋಟೋ ತೆಗೆದಾಗಲೆಲ್ಲ ಕೆಮ್ಮಿದ ಹಾಗೆ ಕೀಚು ಶಬ್ದ ಬರುತ್ತೆ, ಅದು ಸರಿಹೋಗೋ ಕಾಯಿಲೆ. ಸರ್ಕೀಟು ಸುಟ್ಟರೆ ಮಾತ್ರ ಕತೆ ಬೇರೆ. ಆ ಬಿಡಿಭಾಗ ಯಾರೂ ತಯಾರು ಮಾಡ್ತಿಲ್ಲ, ಅದನ್ನ ಫೈಲು ಹಾಕಿ ಉಜ್ಜಿ ಮಾಡಿಕೊಳ್ಳೋಕೂ ಆಗಲ್ಲ.

ಕೆ1000 ಕೈಗೆ ಬಂದಾಗ ಅವರ ಮುಖವೇ ಬೇರೆ ಆಯಿತು. ಶಟರನ್ನ 1 ಸೆಕೆಂಡಿಗೆ ತಿರುಗಿಸಿ ಬಟನ್ ಒತ್ತಿ ಕಿವಿಗೆ ಹಿಡಿದರು. ನಿಧಾನದ ವೇಗಗಳಲ್ಲಿ ಹಲ್ಲಿನ ಚಕ್ರಗಳ ಒಂದು ಸಣ್ಣ ಗುಂಪು ಎರಡನೇ ಪರದೆಯನ್ನ ತಡೆದು ಹಿಡಿಯುತ್ತೆ, ಅದರ ಝರ್ರೋ ಶಬ್ದ ಕೇಳಿಸುತ್ತೆ. ಮಾವನ ಕ್ಯಾಮೆರಾದಲ್ಲಿ ಆ ಒಂದು ಸೆಕೆಂಡು ಎರಡು ಸೆಕೆಂಡಿನಷ್ಟು ಎಳೆಯುತ್ತಿತ್ತು. “ಗ್ರೀಸು ಮೇಣ ಆಗಿದೆ. ಏನೂ ಮುರಿದಿಲ್ಲ. ಓಡಿಸದೇ ಕೆಡಿಸಿದೀರಿ,” ಅಂದರು.

ಓಡಿಸದೇ ಕೆಡಿಸೋದು. ಈ ಮಾತನ್ನ ಅವರು ಬಿಡಿಸಿ ಹೇಳಿದ್ದು ಹೀಗೆ. ನನ್ನ ಕೈಗಂಟಿದ ಆ ಡಾಂಬರು ಹಿಂಬದಿಯ ಅಂಚಿನಲ್ಲಿ ಬೆಳಕು ಒಳಗೆ ಬರದ ಹಾಗೆ ಅಂಟಿಸಿದ್ದ ಫೋಮು. ಬಳಸಿದರೂ ಬಳಸದಿದ್ದರೂ ಅದು ಕೆಲವೇ ದಶಕಗಳಲ್ಲಿ ಕರಗುತ್ತೆ, ಅದನ್ನ ಕೆರೆದು ಹೊಸದು ಹಚ್ಚಬೇಕು. ಇಲ್ಲದಿದ್ದರೆ ಫೋಟೋ ಮೇಲೆ ಕಿತ್ತಳೆ ಬಣ್ಣದ ಗೀಟು ಬರುತ್ತೆ. ಕೆಲವು ಕ್ಯಾಮೆರಾಗಳಲ್ಲಿ ಈ ಫೋಮು ಇನ್ನೂ ದ್ರೋಹಿ. ಅಂಗೈಯಷ್ಟಿರೋ ಚಂದದ ಒಲಿಂಪಸ್ ಒಎಂ-1ರಲ್ಲಿ ಪ್ರಿಸಂ ಹತ್ತಿರವೇ ಫೋಮಿದೆ, ಕರಗಿದಾಗ ಪ್ರಿಸಂನ ಬೆಳ್ಳಿ ಲೇಪವನ್ನೇ ತಿನ್ನುತ್ತೆ.

ಲೆನ್ಸಿನ ಬೂಸ್ಟಿಗೆ ಕಾರಣ ನಾವು ಕಾಳಜಿ ಅಂದುಕೊಂಡದ್ದೇ: ಚರ್ಮದ ಕೇಸು. ಚರ್ಮ ತೇವ ಹಿಡಿದಿಡುತ್ತೆ, ಬೀರು ಕತ್ತಲು, ಗಾಳಿ ಇಲ್ಲ. ಬೂಸ್ಟಿಗೆ ಇನ್ನೇನು ಬೇಕು? ಮೇಲುಮೇಲಿದ್ದರೆ ಬಿಚ್ಚಿ ಒರೆಸಬಹುದು. ತುಂಬ ಕಾಲ ಬಿಟ್ಟರೆ ಗಾಜಿನ ಮೈಯನ್ನೇ ಕೊರೆದುಬಿಡುತ್ತೆ, ಆಗ ಒರೆಸಿದರೂ ಬೇರಿನಂಥ ಗುರುತು ಹೋಗಲ್ಲ. ಮಾವನ ಲೆನ್ಸಿನಲ್ಲಿ ಒಂದು ಮೂಲೆಯಲ್ಲಿ ಅಂಥ ಗುರುತು ಉಳಿಯಿತು. ಫೋಟೋದಲ್ಲಿ ಅದು ಕಾಣಲ್ಲ ಅಂದರು. ಕಂಡೂ ಇಲ್ಲ.

ಕ್ಯಾಮೆರಾ ಮೂರು ವಾರ ಅವರ ಹತ್ತಿರ ಇತ್ತು. ನಾನು ನಡುವೆ ಹೋದಾಗ ಅದರ ತಲೆ ಬಿಚ್ಚಿ ಮೇಜಿನ ಮೇಲೆ ಹರಡಿದ್ದರು, ತಿರುಪುಗಳು ಸ್ಟೀಲ್ ತಟ್ಟೆಯಲ್ಲಿ, ತೆಗೆದ ಕ್ರಮದಲ್ಲೇ ಸಾಲಾಗಿ. ಎಲ್ಲೂ ಅಂಟು ಹಾಕಿ ಮುಚ್ಚಿದ ಭಾಗ ಕಾಣಲಿಲ್ಲ. ಬಿಚ್ಚಬಹುದು ಅಂತಲೇ ಕಟ್ಟಿದ್ದರು. “ಕಲಿಯೋಕೆ ಯಾರೂ ಬರಲಿಲ್ವಾ ಸಾರ್?” ಅಂತ ಕೇಳಿದೆ. ಇಬ್ಬರು ಬಂದಿದ್ದರಂತೆ, ಇಬ್ಬರೂ ಮೊಬೈಲ್ ರಿಪೇರಿಗೆ ಹೋದರಂತೆ. ಅವರ ಮೇಲೆ ಸಿಟ್ಟೇನೂ ಇರಲಿಲ್ಲ. “ಹೊಟ್ಟೆ ತುಂಬಬೇಕಲ್ಲ,” ಅಂದರು.

ಇದು ನಮ್ಮೂರಿನ ಪಾಡು ಮಾತ್ರ ಅಲ್ಲ. ಪೆಂಟಾಕ್ಸ್ ಕಂಪನಿಯೇ 2024ರಲ್ಲಿ ‘ಪೆಂಟಾಕ್ಸ್ 17’ ಅಂತ ಹೊಸ ಫಿಲ್ಮ್ ಕ್ಯಾಮೆರಾ ತಂದಿತು. ಎಸ್‌ಎಲ್‌ಆರ್ ಅಲ್ಲ, ಆದರೆ ಕೈಯಲ್ಲಿ ಲಿವರ್ ಎಳೆಯೋದು. ಫಿಲ್ಮ್ ಸುತ್ತೋ ಆ ವ್ಯವಸ್ಥೆಯನ್ನ ಮತ್ತೆ ಕಟ್ಟೋಕೆ ಕಂಪನಿಯ ಹೊಸ ಎಂಜಿನಿಯರುಗಳು ಹಳಬರ ಹತ್ತಿರ ಕೂತು ಕಲಿಯಬೇಕಾಯಿತು. ಕೆ1000 ಮಾಡಿದ ಮನೆಯವರಿಗೇ ಈ ಗತಿ.

ಇವೆಲ್ಲ ನಮ್ಮ ಮನೆಗೆ ಬಂದದ್ದು ಹೇಗೆ

ಆ ಕಾಲದಲ್ಲಿ ಒಳ್ಳೇ ಎಸ್‌ಎಲ್‌ಆರ್ ಅಂಗಡಿಗೆ ಹೋಗಿ ಬೇಕಾದ್ದು ಆರಿಸಿ ತರೋ ವಸ್ತು ಆಗಿರಲಿಲ್ಲ. ಆಮದಿಗೆ ಕಟ್ಟುಪಾಡು, ಅದರ ಮೇಲೆ ಭಾರೀ ಸುಂಕ. ಜಪಾನಿನ ಕ್ಯಾಮೆರಾ ಅಂದರೆ ಸಾಮಾನ್ಯವಾಗಿ ಗಲ್ಫ್‌ನಿಂದಲೋ ಅಮೆರಿಕದಿಂದಲೋ ನೆಂಟರ ಸೂಟ್‌ಕೇಸಿನಲ್ಲಿ ಬರಬೇಕು. ಮಾವನದ್ದು ಅವರ ಷಡ್ಡಕರು ತಂದುಕೊಟ್ಟಿದ್ದು. ಅಷ್ಟು ದೂರದ ಕೈಗೆಟುಕದವರಿಗೆ ಸೋವಿಯತ್ ಜೆನಿಟ್, ಪೂರ್ವ ಜರ್ಮನಿಯ ಪ್ರಾಕ್ಟಿಕಾ. ಜೆನಿಟ್-ಇ ಹಿಡಿದವರಿಗೆ ಗೊತ್ತು, ಕುತ್ತಿಗೆಗೆ ಹಾಕಿಕೊಂಡರೆ ಇಟ್ಟಿಗೆ ನೇತುಹಾಕಿದ ಹಾಗೆ. ನಯ ನಾಜೂಕು ಇಲ್ಲ, ವೇಗ 1/500ರ ಮೇಲೆ ಇಲ್ಲ, ಮೀಟರಿಗೂ ಬ್ಯಾಟರಿ ಬೇಡ. ನನಗಂತೂ ಅದರ ಮೇಲೆ ಸಣ್ಣ ಪ್ರೀತಿಯಿದೆ. ಫಿಲ್ಮು ನಮ್ಮ ಪಕ್ಕದಲ್ಲೇ ಆಗುತ್ತಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಬ್ಲ್ಯಾಕ್ ಅಂಡ್ ವೈಟ್ ರೀಲು. ಕಾರ್ಖಾನೆ ಈಗ ಇಲ್ಲ.

ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಫೋಟೋಗ್ರಫಿಯ ಹವ್ಯಾಸ ಜೋರಾಗಿ ಬೆಳೆಯಿತು. ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾದದ್ದು 1971ರಲ್ಲಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ವನ್ಯಜೀವಿ ಚಿತ್ರಗಳು, ಸಂಡೂರಿನಿಂದ ಬಂದು ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದ ಎಂ.ವೈ. ಘೋರ್ಪಡೆ ಅವರ ಕಾಡಿನ ಚಿತ್ರಗಳು, ಇವನ್ನ ನೋಡಿ ಕ್ಯಾಮೆರಾ ಹಿಡಿದವರು ಎಷ್ಟೋ ಜನ. ಮಾವನೂ ಒಬ್ಬರು. ಹುಲಿ ಸಿಗಲಿಲ್ಲ, ಬುಲ್ ಟೆಂಪಲ್ ರಸ್ತೆಯ ಬಸವ ಸಿಕ್ಕ.

ಒಂದೇ ಕ್ಯಾಮೆರಾ ಇಡೀ ಬೀದಿಯ ಮದುವೆ ಮುಂಜಿಗೆ ಓಡಾಡುತ್ತಿತ್ತು. ಬಿದ್ದರೆ, ಕೆಟ್ಟರೆ, ಇನ್ನೊಂದು ಕೊಳ್ಳೋ ಮಾತೇ ಇಲ್ಲ, ರಿಪೇರಿ ಮಾಡಿಸಲೇಬೇಕು. ನನಗನ್ನಿಸೋದು, ಈ ಕ್ಯಾಮೆರಾಗಳ ಬಾಳಿಕೆಯಲ್ಲಿ ಅರ್ಧ ಜಪಾನಿನ ಲೋಹದ್ದು, ಇನ್ನರ್ಧ ಇಂಥ ಮನೆಗಳದ್ದು, ಮೇಜಿನ ಮೇಲೆ ತಿರುಪು ಸಾಲಾಗಿ ಇಟ್ಟುಕೊಂಡು ಕೂತವರದ್ದು. ಆ ಎರಡನೇ ಅರ್ಧ ಈಗ ಕರಗುತ್ತಿದೆ, ಫೋಮಿನ ಹಾಗೆ.

ನಿಮ್ಮ ಮನೆಯದ್ದನ್ನ ನೋಡ್ತೀರಾ?

ಮೊದಲು ಅದು ಎಸ್‌ಎಲ್‌ಆರ್ ಹೌದಾ ನೋಡಿ. ಎಷ್ಟೋ ಮನೆಗಳಲ್ಲಿ ಇರೋದು ಅಗ್ಫಾ ಕ್ಲಿಕ್ ಅಥವಾ ಫ್ಲ್ಯಾಶ್ ಸೇರಿಕೊಂಡೇ ಬರುತ್ತಿದ್ದ ಸಣ್ಣ ಯಾಷಿಕಾ. ಅವಕ್ಕೆ ನೆನಪಿನ ಬೆಲೆ ಇದೆ, ಆದರೆ ಈ ಲೆಕ್ಕದವಲ್ಲ. ಎಸ್‌ಎಲ್‌ಆರ್ ಆದರೆ ಒಳಗೆ ರೀಲು ಇಲ್ಲ ಅಂತ ಖಾತ್ರಿ ಮಾಡಿಕೊಂಡು (ರೀವೈಂಡ್ ಹಿಡಿ ನಿಧಾನಕ್ಕೆ ತಿರುಗಿಸಿ, ಬಿಗಿಯಾಗಿದ್ದರೆ ರೀಲಿದೆ) ಹಿಂಬದಿ ತೆಗೆಯಿರಿ. ಲಿವರ್ ಎಳೆದು 1 ಸೆಕೆಂಡಿಗೆ ಇಟ್ಟು ಒತ್ತಿ, ಬಾಯಲ್ಲಿ ಎಣಿಸಿ. ಲೆನ್ಸಿಗೆ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ, ಬೂಸ್ಟಿದ್ದರೆ ಜೇಡರಬಲೆ ಥರ ಕಾಣುತ್ತೆ. ಸೆಲ್ ಖಾನೆ ಹಸಿರುಗಟ್ಟಿದೆಯಾ ನೋಡಿ. ಲಿವರ್ ಸಿಕ್ಕಿಕೊಂಡಿದ್ದರೆ ಬಲವಂತ ಬೇಡ. ಎಣ್ಣೆ ಬಿಡೋದಂತೂ ಬೇಡವೇ ಬೇಡ, ತೆಂಗಿನೆಣ್ಣೆ ಬಿಟ್ಟು ತಂದವರೂ ಇದ್ದಾರಂತೆ! ಸರಿಯಾದ ಮೇಲೆ ಚರ್ಮದ ಕೇಸು ಬೇರೆ ಇಡಿ, ಕ್ಯಾಮೆರಾವನ್ನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಸೆಲ್ ತೆಗೆದಿಡಿ, ತಿಂಗಳಿಗೊಂದು ಸಲ ಎಲ್ಲ ವೇಗಗಳಲ್ಲೂ ಖಾಲಿ ಕ್ಲಿಕ್ ಮಾಡಿ. ಎರಡು ನಿಮಿಷದ ಕೆಲಸ.

ಮನೆಯಲ್ಲಿ ಇಲ್ಲ, ಕೊಳ್ಳಬೇಕು ಅನ್ನೋರಿಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್ ಇದೆ, ಆನ್‌ಲೈನೂ ಇದೆ. ಬಜಾರಿನಲ್ಲಿ ಕನಿಷ್ಠ ಕೈಗೆ ತೆಗೆದುಕೊಂಡು ಈ ಪರೀಕ್ಷೆ ಮಾಡಬಹುದು. ನನ್ನ ಎಇ-1ರ ಫೋಟೋಗಳು ಆನ್‌ಲೈನಿನಲ್ಲಿ ಬಹಳ ಚೆನ್ನಾಗಿದ್ದವು ಅನ್ನೋದನ್ನ ನೆನಪಿಸುತ್ತೇನೆ.

ಖರ್ಚಿನ ಮಾತನ್ನ ಮುಚ್ಚಿಡಬಾರದು. ಒಂದು ಕಲರ್ ರೀಲು, ಅದನ್ನ ತೊಳೆಸಿ ಸ್ಕ್ಯಾನ್ ಮಾಡಿಸೋದು, ಎಲ್ಲ ಸೇರಿ ನನಗೆ ಸಾವಿರದ ಮೇಲೇ ಆಯಿತು. ಒಂದು ಕ್ಲಿಕ್ಕಿಗೆ ಮೂವತ್ತು ರೂಪಾಯಿಗಿಂತ ಹೆಚ್ಚು. ಕ್ಯಾಮೆರಾ ಇನ್ನೂರು ವರ್ಷ ಬಾಳಿದರೂ ಜೇಬು ಬಾಳಲ್ಲ.

ರಿಪೇರಿಯಾದ ಕ್ಯಾಮೆರಾ ತಂದುಕೊಟ್ಟ ದಿನ ಮಾವ ಮೊದಲು ಅದನ್ನ ಮುಟ್ಟಲೇ ಇಲ್ಲ. ಪೊರೆಯ ಆಪರೇಷನ್ ಆಗಿದೆ, ಫೋಕಸ್ ಕಾಣಲ್ಲ ಅಂದರು. ಕಾಫಿ ಆದಮೇಲೆ ಕೈಗೆ ತೆಗೆದುಕೊಂಡರು. ರೀಲಿನ ನಾಲಿಗೆಯನ್ನ ಸಿಕ್ಕಿಸೋಕೆ ನಾನು ಯೂಟ್ಯೂಬ್ ನೋಡಿಕೊಂಡು ಒದ್ದಾಡುತ್ತಿದ್ದೆ. ಅವರು ನನ್ನ ಕೈಯಿಂದ ತೆಗೆದುಕೊಂಡು, ಕಿಟಕಿ ಕಡೆ ನೋಡುತ್ತಾ, ಕ್ಯಾಮೆರಾ ಕಡೆ ನೋಡದೆ, ಸಿಕ್ಕಿಸಿ ಮುಚ್ಚಿದರು.

ಮನೆಯ ಮುಂಭಾಗ, ತೊಟ್ಟಿ, ಕಂಬ, ಇವನ್ನೆಲ್ಲ ತೆಗೀತಾರೆ ಅಂದುಕೊಂಡಿದ್ದೆ. ತೆಗೆದದ್ದು ಬಚ್ಚಲಿನ ಹಂಡೆ ಒಲೆ, ಮಸಿ ಹಿಡಿದ ಗೋಡೆ, ಹಳೇ ಕರೆಂಟ್ ಮೀಟರ್ ಬೋರ್ಡು, ಬಾಗಿಲ ಪಟ್ಟಿಯ ಮೇಲೆ ನಮ್ಮೆಲ್ಲರ ಎತ್ತರ ಗೀಚಿದ್ದ ಪೆನ್ಸಿಲ್ ಗುರುತುಗಳು, ಟೇಪು ಹಿಡಿದು ಅಳತೆಗೆ ಬಂದಿದ್ದ ಬಿಲ್ಡರ್ ಕಡೆಯ ಹುಡುಗ. ಒಂದೊಂದಕ್ಕೂ ಎರಡು ನಿಮಿಷ. 36 ಆದಮೇಲೂ ಲಿವರ್ ಬಂತು. 37ನೆಯದಕ್ಕೆ ನಾನು ಅವರನ್ನ ಬಾಗಿಲಲ್ಲಿ ನಿಲ್ಲಿಸಿ ಕ್ಯಾಮೆರಾ ತೆಗೆದುಕೊಂಡೆ. ಆಮೇಲೆ ಲಿವರ್ ಅರ್ಧಕ್ಕೆ ನಿಂತಿತು.

“ಎಳೀಬೇಡ ಕಣೋ, ಮುಗೀತು,” ಅಂದು ಕೈ ಚಾಚಿ ವಾಪಸ್ ಇಸಿದುಕೊಂಡರು. ಕೆಳಗಿನ ಗುಂಡಿ ಒತ್ತಿ, ಹಿಡಿ ಎತ್ತಿ, ನಿಧಾನಕ್ಕೆ ಸುತ್ತತೊಡಗಿದರು.